ಬೇಸ್ ಎಲ್ಲಿ ಹೋಯಿತು? ಸ್ಟೀರಿಯೊ ಮಿಕ್ಸ್‌ನಲ್ಲಿ ಬೇಸಿನ ಜಾಗ ತಪ್ಪಿದಾಗ ದೋಷ ಹುಡುಕುವ ಕ್ರಮ

ಹೋದ ವರ್ಷ ಮದುವೆಗಳ ಕಾಲದಲ್ಲಿ ಒಂದು ಸಂಜೆ, ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಕಲ್ಯಾಣ ಮಂಟಪದಿಂದಲೇ ಫೋನ್ ಮಾಡಿದ. ನಾನು ಮಿಕ್ಸ್ ಮಾಡಿಕೊಟ್ಟಿದ್ದ, ಅಂದರೆ ಬೇರೆಬೇರೆ ಟ್ರ್ಯಾಕುಗಳನ್ನು ಎಡ ಬಲಕ್ಕೆ ಹಂಚಿ ಕೂಡಿಸಿಕೊಟ್ಟಿದ್ದ, ಭಾವಗೀತೆಯೊಂದನ್ನು ಆರತಕ್ಷತೆಯ ಹೊತ್ತಿಗೆ ಅಲ್ಲಿ ಹಾಕಿದ್ದರು.

“ಅಣ್ಣಾ, ಬೇಸೇ ಬರ್ತಿಲ್ಲ. ಹೆಡ್‌ಫೋನಲ್ಲಿ ಅಷ್ಟು ಚೆನ್ನಾಗಿತ್ತಲ್ಲ!”

“ಹಾಡಿದವರ ದನಿ ಹೇಗಿದೆ?”

“ದನಿ ಗಟ್ಟಿಯಾಗೇ ಇದೆ. ಕೊಳಲು, ತಬಲಾ ಎಲ್ಲಾ ಇದೆ. ಬೇಸ್ ಗಿಟಾರ್ ಒಂದೇ ಸಪ್ಪೆ.”

ಬೇಸಿನ ಬಗ್ಗೆ ದೂರು ಬಂದಾಗ ಹಾಡಿದವರ ದನಿಯನ್ನು ವಿಚಾರಿಸಿದ್ದಕ್ಕೆ ಕಾರಣವಿದೆ. ಇಂಥ ಜಾಗಗಳಲ್ಲಿ ಬೇಸ್ ಕಳೆದುಹೋಗುವುದು ಸಾಮಾನ್ಯವಾಗಿ ಎರಡು ದಾರಿಯಲ್ಲಿ. ಒಂದು ಕೇಬಲ್. ಲ್ಯಾಪ್‌ಟಾಪಿನ ಸ್ಟೀರಿಯೊ ಪಿನ್ನನ್ನು ಮಿಕ್ಸರಿನ ಬ್ಯಾಲೆನ್ಸ್ಡ್ ಮೋನೊ ಚಾನಲ್ಲಿಗೆ (ಎರಡು ತಂತಿಗಳ ವ್ಯತ್ಯಾಸವನ್ನು ಒಂದೇ ದನಿಯಾಗಿ ಓದುವ ಚಾನಲ್ಲಿಗೆ) ನೇರವಾಗಿ ಚುಚ್ಚಿದರೆ ಆ ಚಾನಲ್ ಎಡದಿಂದ ಬಲವನ್ನು ಕಳೆದುಬಿಡುತ್ತದೆ. ಎರಡೂ ಬದಿಯಲ್ಲಿ ಸಮನಾಗಿರುವುದು, ಅಂದರೆ ನಡುವೆ ಕೂತಿರುವುದು, ಎಲ್ಲವೂ ಸೊನ್ನೆ. ಆಗ ಬೇಸಿನ ಜೊತೆ ಹಾಡುವವರ ದನಿಯೂ ಹೋಗಿ, ಅದರ ರಿವರ್ಬ್ (ಅನುರಣನ) ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಇನ್ನೊಂದು ದಾರಿ ಮಿಕ್ಸ್‌ನದು: ಮಂಟಪದ ಸೌಂಡ್ ಸಿಸ್ಟಮ್ ಎಡ ಬಲ ಎರಡನ್ನೂ ಕೂಡಿಸಿ ಮೋನೊ ಮಾಡುತ್ತದೆ, ಕೂಡಿಸಿದಾಗ ಬೇಸ್ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ದನಿಯೂ ಹೋಗಿದ್ದರೆ ಕೇಬಲ್ ಬದಲಿಸಿ. ದನಿ ಗಟ್ಟಿಯಾಗಿದ್ದು ಬೇಸ್ ಮಾತ್ರ ಹೋಗಿದ್ದರೆ ಮಿಕ್ಸ್ ತೆರೆಯಿರಿ. ಅಂದು ದೋಷ ನನ್ನ ಮಿಕ್ಸ್‌ನಲ್ಲಿತ್ತು. ಏನಾಗಿತ್ತು ಎನ್ನುವುದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

“ಬೇಸನ್ನು ಎಲ್ಲಿ ಪ್ಯಾನ್ ಮಾಡಲಿ?” ಎಂದು ಕೇಳುವ ಹೊಸಬರಿಗೆ ನಾನು ಹೇಳುವುದು ಒಂದೇ: ಪ್ಯಾನ್ ಗುಂಡಿಗೆ, ಅಂದರೆ ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಗುಂಡಿಗೆ, ಕೈ ಹಾಕುವುದು ಕೊನೆಯ ಕೆಲಸ. ಕೋಣೆ, ತಂತಿ, ಫೇಸ್ (ಅಲೆಗಳ ಏರಿಳಿತದ ಹೊಂದಾಣಿಕೆ), ಈ ಮೂರನ್ನು ಮೊದಲು ನೋಡಿ. ಆ ಮೂರೂ ಸರಿಯಾದ ಮೇಲೆ ಉಳಿಯುವ ಪ್ರಶ್ನೆ ಸಂಗೀತದ್ದು. ಈ ಹಾಡಿನಲ್ಲಿ ಬೇಸ್ ಕಂಬವೋ, ಮಾತಿಗೆ ಕೂತ ಜೊತೆಗಾರನೋ? ಶೈಲಿಯಿಂದ ಶೈಲಿಗೆ ಬದಲಾಗುವುದು ಇದರ ಉತ್ತರ.

ಬೇಸ್ ಒಂದು ಕಡೆಗೆ ವಾಲಿದೆ

ಮಿಕ್ಸ್ ಮುಟ್ಟುವ ಮೊದಲು ಎಡ ಬಲ ಅದಲುಬದಲು ಮಾಡಿ. ಎಲ್ಲ ಟ್ರ್ಯಾಕುಗಳು ಕೂಡುವ ಮಾಸ್ಟರ್ ಚಾನಲ್ಲಿನಲ್ಲಿ ಅದಕ್ಕೊಂದು ಗುಂಡಿ ಇರುತ್ತದೆ. ಇಲ್ಲದಿದ್ದರೆ ಆಡಿಯೊ ಇಂಟರ್‌ಫೇಸಿನ ಹಿಂದೆ ಎರಡು ಕೇಬಲ್ ಬದಲಿಸಿದರಾಯಿತು. ಎಡಕ್ಕೆ ವಾಲಿದ್ದ ಬೇಸ್ ಈಗ ಬಲಕ್ಕೆ ಹೋದರೆ ದೋಷ ಹಾಡಿನೊಳಗಿದೆ. ಎಡದಲ್ಲೇ ಕೂತಿದ್ದರೆ ದೋಷ ಕೋಣೆಯದೋ ಸ್ಪೀಕರಿನದೋ ಆಗಿರುತ್ತದೆ, ಮಿಕ್ಸ್‌ನಲ್ಲಿ ಎಷ್ಟು ಹೊತ್ತು ತಿದ್ದಿದರೂ ಹೋಗುವುದಿಲ್ಲ. ಅರ್ಧ ನಿಮಿಷದ ಈ ಪರೀಕ್ಷೆ ಮಾಡದೆ ರಾತ್ರಿಯಿಡೀ ಇಕ್ಯೂ (ಬೇಕಾದ ಆವರ್ತನ ಏರಿಸಿ ಇಳಿಸುವ ಗುಂಡಿಗಳು) ತಿರುವಿದವರನ್ನು ನೋಡಿ ನನಗೆ ಸಂಕಟವಾಗಿದೆ. ಅವರ ಕಿವಿ ಸರಿಯಾಗೇ ಇತ್ತು, ಹುಡುಕಿದ ಜಾಗ ಬೇರೆಯಾಗಿತ್ತು ಅಷ್ಟೆ.

ಕೋಣೆಯ ದೋಷವಾದರೆ ಸಾಮಾನ್ಯ ಚಿತ್ರ ಹೀಗಿರುತ್ತದೆ: ಎಡ ಸ್ಪೀಕರಿನ ಹಿಂದೆ ಗೋಡೆಯ ಮೂಲೆ, ಪಕ್ಕದಲ್ಲಿ ಬೀರು, ಬಲ ಸ್ಪೀಕರಿನ ಪಕ್ಕದಲ್ಲಿ ತೆರೆದ ಬಾಗಿಲು. ಮೂಲೆ ಬೇಸನ್ನು ಹೆಚ್ಚಿಸುತ್ತದೆ, ಬಾಗಿಲು ಹೊರಗೆ ಬಿಟ್ಟುಬಿಡುತ್ತದೆ. ಎರಡೂ ಸ್ಪೀಕರ್ ಪಕ್ಕದ ಗೋಡೆಗಳಿಂದ ಸಮ ದೂರದಲ್ಲಿರುವಂತೆ ಮೇಜನ್ನೇ ತಿರುಗಿಸಿ ಹಾಕಿ.

ಬೇಸ್ ವಾಲದೆ, ಕೆಲವು ಸ್ವರ ಉಬ್ಬಿ ಕೆಲವು ಸ್ವರ ಮಾಯವಾಗುತ್ತಿದ್ದರೆ ಅದು ಕೋಣೆಯ ಅಳತೆಯ ಆಟ. ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ಮೊದಲು ಮೊಳಗುವ ಆವರ್ತನ ಸಿಗುತ್ತದೆ. ನಮ್ಮ ಮನೆಗಳಲ್ಲಿ ಮಾಮೂಲಾದ 10×12 ಅಡಿ ಕೋಣೆಯಲ್ಲಿ ಉದ್ದಕ್ಕೆ ಸುಮಾರು 47 ಹರ್ಟ್ಸ್, ಅಗಲಕ್ಕೆ ಸುಮಾರು 56 ಹರ್ಟ್ಸ್. ಉದ್ದದ ಸರಿಯಾಗಿ ನಡುವೆ ಕುರ್ಚಿ ಹಾಕಿ ಕೂತರೆ 47ರ ಸುತ್ತಿನ ಸ್ವರ ಕಿವಿಗೇ ಬೀಳುವುದಿಲ್ಲ, ಗೋಡೆಯ ಹತ್ತಿರ ಹೋದರೆ ಗುಮ್ಮೆನ್ನುತ್ತದೆ. ಎದುರಿನ ಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಷ್ಟು ದೂರ, ಅಂದರೆ 12 ಅಡಿಯಲ್ಲಿ ಸುಮಾರು ನಾಲ್ಕೂವರೆ ಅಡಿ, ಕೂರಲು ಒಳ್ಳೆಯ ಆರಂಭದ ಜಾಗ. ಅಲ್ಲಿಂದ ಅಂಗೈ ಅಗಲ ಹಿಂದೆ ಮುಂದೆ ಸರಿಸುತ್ತಾ, 30ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಒಂದೇ ಸ್ವರವನ್ನು ಹಾಕಿ, ಎಲ್ಲಿ ಉಬ್ಬಿತು ಎಲ್ಲಿ ಇಳಿಯಿತು ಎಂದು ಬರೆದುಕೊಳ್ಳಿ. ಆ ಚೀಟಿ ನನ್ನ ಮಾನಿಟರ್ ಕೆಳಗೆ ಇವತ್ತಿಗೂ ಅಂಟಿಸಿಕೊಂಡಿದೆ.

ಇನ್ನು ತಂತಿ. ಒಂದು ಸ್ಪೀಕರಿನ ಕೆಂಪು ಕಪ್ಪು ತಂತಿ ಅದಲುಬದಲಾಗಿದ್ದರೆ, ನಡುವೆ ಇರಬೇಕಾದ ಬೇಸ್ ತಲೆಯ ಎರಡೂ ಪಕ್ಕ ಚದುರಿ ತೆಳ್ಳಗಾಗುತ್ತದೆ. ಆಂಪ್ಲಿಫೈಯರ್ ಬೇರೆ ಇರುವ ಸ್ಪೀಕರ್ ಆದರೆ ಆಂಪಿನಿಂದ ತಂತಿ ಬಿಚ್ಚಿ, 1.5 ವೋಲ್ಟಿನ ಸೆಲ್ಲಿನ ಪ್ಲಸ್ ತುದಿಯನ್ನು ಕೆಂಪಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ‘ಟಪ್’ ಎಂದು ಕೋನ್ ಮುಂದೆ ಬರುವುದು ಕಣ್ಣಿಗೇ ಕಾಣುತ್ತದೆ. ಎರಡೂ ಸ್ಪೀಕರಿನ ಕೋನ್ ಒಂದೇ ದಿಕ್ಕಿಗೆ ಸರಿಯಬೇಕು. ಆಂಪ್ ಒಳಗೇ ಇರುವ ಸ್ಪೀಕರುಗಳಿಗೆ ಸೆಲ್ ಹಚ್ಚುವಂತಿಲ್ಲ. ಮೋನೊ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಏಟು) ಒಂದನ್ನು ಹಾಕಿ, ಮಾಸ್ಟರಿನಲ್ಲಿ ಒಂದು ಬದಿಯ ಪೊಲಾರಿಟಿ (ಅಲೆಯ ಮೇಲು ಕೆಳಗು) ತಿರುಗಿಸಿ ನೋಡಿ. ಬೇಸ್ ತುಂಬಿ ಬರುವ ಸ್ಥಿತಿಯೇ ಸರಿ. ಅದು ತಿರುಗಿಸಿದಾಗ ಸಿಕ್ಕಿದರೆ ಎಲ್ಲೋ ಒಂದು ಕೇಬಲ್ ತಪ್ಪಾಗಿ ಬೆಸೆಯಲಾಗಿದೆ.

ಮೋನೊ ಒತ್ತಿದ ಕೂಡಲೇ ಬೇಸ್ ಕರಗುತ್ತದೆ

ಬೇಸಿನ ದೋಷಗಳಲ್ಲಿ ದೊಡ್ಡ ಪಾಲು ಇದರದೇ. ಬೇಸ್ ಟ್ರ್ಯಾಕನ್ನು ಒಂಟಿಯಾಗಿ ಕೇಳಿ, ಮೋನೊ ಗುಂಡಿ ಒತ್ತಿ ಬಿಡಿ, ಒತ್ತಿ ಬಿಡಿ. ಮೋನೊದಲ್ಲಿ ಬೇಸ್ ಹಾಗೇ ಉಳಿದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ತೆಳ್ಳಗಾದರೆ, ಅಥವಾ ಕೆಲವು ಸ್ವರ ಮಾತ್ರ ಬಿದ್ದುಹೋದರೆ, ಎಡ ಬಲದ ಅಲೆಗಳು ಒಂದನ್ನೊಂದು ಅಳಿಸುತ್ತಿವೆ.

ಎಡ ಬಲದ ಅಲೆಗಳು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕೋರಿಲೇಶನ್ ಮೀಟರ್ ಬಳಸುವವರಿಗೆ ಒಂದು ಎಚ್ಚರಿಕೆ. ಮೀಟರನ್ನು ಇಡೀ ಮಿಕ್ಸ್ ಮೇಲೆ ಇಟ್ಟರೆ ಅದು ಮೇಲಿನ ವಾದ್ಯಗಳನ್ನೂ ಸೇರಿಸಿ ಅಳೆಯುತ್ತದೆ, ಕೆಳಗಿನ ದೋಷ ಅಡಗಿಕೊಳ್ಳುತ್ತದೆ. ಮೀಟರಿನ ಮುಂದೆ 150 ಹರ್ಟ್ಸ್‌ನ ಲೋಪಾಸ್ ಫಿಲ್ಟರ್ (ಅದರ ಕೆಳಗಿನದನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ ನೋಡಿ. ಮುಳ್ಳು +1ರ ಹತ್ತಿರ ಇದ್ದರೆ ನೆಮ್ಮದಿ, ಸೊನ್ನೆಯ ಸುತ್ತ ತೂಗಾಡಿದರೆ ಅನುಮಾನ, ಮೈನಸ್ ಕಡೆ ಹೋದರೆ ಕೆಲಸ ಇದೆ.

ಆ ಭಾವಗೀತೆಯಲ್ಲಿ ಆಗಿದ್ದು ಇದು. ಹಾಡುವವರಿಗೆ ನಡುವೆ ಜಾಗ ಬಿಡಬೇಕೆಂದು ಬೇಸ್ ಟ್ರ್ಯಾಕನ್ನು ಎರಡು ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು 10 ಮಿಲಿಸೆಕೆಂಡ್ ತಡ ಮಾಡಿ ಬಲಕ್ಕೆ ಹಾಕಿದ್ದೆ. ಹೆಡ್‌ಫೋನಿನಲ್ಲಿ ಅದು ತೊಟ್ಟಿಲಿನ ಹಾಗೆ ಅಗಲವಾಗಿ, ಹಿತವಾಗಿ ಕೇಳಿಸುತ್ತಿತ್ತು. ಆದರೆ ಎರಡನ್ನೂ ಕೂಡಿಸಿದಾಗ 10 ಮಿಲಿಸೆಕೆಂಡಿನ ಅಂತರ 50 ಹರ್ಟ್ಸ್‌ಗೆ ಸರಿಯಾಗಿ ಅರ್ಧ ಅಲೆ. ಒಂದು ಅಲೆ ಮೇಲೇಳುವಾಗ ಇನ್ನೊಂದು ಕೆಳಗಿಳಿಯುತ್ತದೆ, ಎರಡೂ ಸೇರಿ ಸೊನ್ನೆ. 150ಕ್ಕೂ ಅದೇ, 250ಕ್ಕೂ ಅದೇ. ಹಾಡು ಜಿ ಶ್ರುತಿಯದು, ಬೇಸಿನ ಕೆಳಗಿನ ಜಿ 49 ಹರ್ಟ್ಸ್. ಪಲ್ಲವಿ ಬಂದು ನಿಲ್ಲುವ ಸ್ವರವೇ ಆ ಜಿ. ಅಂದರೆ ಹಾಡು ಕಾಲೂರುವ ಜಾಗದಲ್ಲೆಲ್ಲ ನೆಲ ಇಲ್ಲ. ನೀವೂ ಲೆಕ್ಕ ಹಾಕಬಹುದು: 500ನ್ನು ತಡದ ಮಿಲಿಸೆಕೆಂಡುಗಳಿಂದ ಭಾಗಿಸಿದರೆ ಮೊದಲು ಅಳಿಸಿಹೋಗುವ ಆವರ್ತನ ಬರುತ್ತದೆ.

ಲೈವ್ ರೆಕಾರ್ಡಿಂಗಿನಲ್ಲಿ ಇದೇ ದೋಷ ತಾನಾಗಿ ಹುಟ್ಟುತ್ತದೆ. ಬೇಸ್ ಗಿಟಾರಿಗೆ ಒಂದು ಡಿಐ ಬಾಕ್ಸ್ (ಗಿಟಾರಿನ ದನಿಯನ್ನು ತಂತಿಯಲ್ಲಿ ನೇರವಾಗಿ ಮಿಕ್ಸರಿಗೆ ಕೊಡುವ ಪೆಟ್ಟಿಗೆ), ಜೊತೆಗೆ ಆಂಪಿನ ಮುಂದೆ ಒಂದು ಮೈಕ್. ಮೈಕ್ ಒಂದು ಮೀಟರ್ ದೂರದಲ್ಲಿದ್ದರೆ ಅದರ ದನಿ ಸುಮಾರು 2.9 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಆಗ 172 ಹರ್ಟ್ಸ್ ಸುತ್ತ ಹಳ್ಳ ಬೀಳುತ್ತದೆ. ಬೇಸಿನ ಮೈಕಟ್ಟು ಇರುವುದೇ ಅಲ್ಲಿ. ಎರಡೂ ಟ್ರ್ಯಾಕನ್ನು ಹಿಗ್ಗಿಸಿ, ಒಂದು ಸ್ವರ ಶುರುವಾಗುವ ಜಾಗ ನೋಡಿ, ಮೈಕಿನ ಟ್ರ್ಯಾಕನ್ನು ಹಿಂದಕ್ಕೆ ಎಳೆದು ಅಲೆಗಳ ಮೊದಲ ಏರು ಸರಿಹೊಂದಿಸಿ. ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ ಹಾಕಿ ದೋಷ ಮುಚ್ಚುವವರಿದ್ದಾರೆ. ಅದು ಮುಚ್ಚುವುದಿಲ್ಲ, ಮೋನೊ ಆಗುವ ಹೊತ್ತಿಗೆ ಮತ್ತೆ ಎದುರಾಗುತ್ತದೆ.

ನಮ್ಮ ವಾದ್ಯಗಳಲ್ಲಿ ಡೊಳ್ಳು ಇದಕ್ಕೆ ಒಳ್ಳೆಯ ಪಾಠ. ಡೊಳ್ಳಿಗೆ ಎರಡು ಮುಖ, ಆದ್ದರಿಂದ ಎರಡು ಮೈಕ್, ಒಂದಕ್ಕೊಂದು ಎದುರಾಗಿ. ಕೋಲು ಬಿದ್ದಾಗ ಆ ಮುಖ ಒಳಗೆ ತಗ್ಗುತ್ತದೆ, ಒಳಗಿನ ಗಾಳಿ ಒತ್ತಿ ಆಚೆ ಮುಖ ಹೊರಗೆ ಉಬ್ಬುತ್ತದೆ. ಒಂದು ಮೈಕಿಗೆ ಅಲೆ ದೂರ ಸರಿದರೆ ಇನ್ನೊಂದು ಮೈಕಿಗೆ ಹತ್ತಿರ ಬರುತ್ತದೆ. ಸ್ಕ್ರೀನಿನಲ್ಲಿ ನೋಡಿದರೆ ಒಂದು ಟ್ರ್ಯಾಕ್ ಕೆಳಕ್ಕೆ, ಇನ್ನೊಂದು ಮೇಲಕ್ಕೆ ಶುರುವಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಎರಡನ್ನೂ ಹಾಗೇ ಎಡ ಬಲಕ್ಕೆ ಹಾಕಿದರೆ, ಎದೆಗೆ ಬಂದು ಗುದ್ದಬೇಕಾದ ಡೊಳ್ಳು ಮೋನೊದಲ್ಲಿ ಬರೀ ಚರ್ಮದ ‘ಪಟ್’ ಆಗುತ್ತದೆ. ಒಂದು ಮೈಕಿನ ಪೊಲಾರಿಟಿ ತಿರುಗಿಸಿ. ಆ ಗುಂಡಿ ಒತ್ತಿದ ಕ್ಷಣಕ್ಕೆ ಕೋಣೆಯೊಳಗೆ ಡೊಳ್ಳು ಇಳಿದು ಬಂದಂತಾಗುತ್ತದೆ, ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಹತ್ತು ಡೊಳ್ಳಿನ ತಂಡವನ್ನು ರೆಕಾರ್ಡ್ ಮಾಡುವಾಗ ಒಂದೊಂದನ್ನೂ ಹೀಗೆ ನೋಡಬೇಕು. ಮೃದಂಗ, ಪಖಾವಾಜುಗಳಿಗೂ ಇದೇ ಪರೀಕ್ಷೆ.

ಸಿಂಥ್ (ವಿದ್ಯುತ್ತಿನಲ್ಲೇ ದನಿ ಹುಟ್ಟಿಸುವ ವಾದ್ಯ) ಬೇಸಿನ ದೋಷ ಬೇರೆ ಥರದ್ದು. ಅದೇ ಕೀಲಿಯನ್ನು ನಾಲ್ಕು ಸಲ ಒತ್ತಿದರೆ ನಾಲ್ಕು ಸಲವೂ ಬೇಸಿನ ತೂಕ ಬೇರೆಯಾಗಿದ್ದರೆ, ಯೂನಿಸನ್ ಹಾಕಿ ಅಲೆ ಹುಟ್ಟಿಸುವ ಹಲವು ಆಸಿಲೇಟರುಗಳನ್ನು ಸ್ವಲ್ಪ ಸ್ವಲ್ಪ ಶ್ರುತಿ ತಪ್ಪಿಸಿ ಎಡ ಬಲಕ್ಕೆ ಹರಡಲಾಗಿದೆ ಎಂದರ್ಥ. ಯಾವ ಕ್ಷಣದಲ್ಲಿ ಯಾವುದು ಯಾವುದನ್ನು ಅಳಿಸುತ್ತದೋ ಹೇಳಲಾಗದು. ಕೆಳಗಿನ ಪದರಕ್ಕೆ ಯೂನಿಸನ್ ತೆಗೆದು ಒಂದೇ ಸೈನ್ ಅಲೆ ಇಡಿ, ಪ್ರತಿ ಸ್ವರಕ್ಕೂ ಫೇಸ್ ಮೊದಲಿನಿಂದ ಶುರುವಾಗುವಂತೆ ಹೊಂದಿಸಿ. ಅಗಲ ಬೇಕಿದ್ದರೆ ಇನ್ನೊಂದು ಪದರ ಮಾಡಿ, ಅದಕ್ಕೆ 150–200 ಹರ್ಟ್ಸ್‌ನ ಹೈಪಾಸ್ (ಅದರ ಮೇಲಿನದನ್ನು ಮಾತ್ರ ಬಿಡುವ ಫಿಲ್ಟರ್) ಹಾಕಿ, ಅದನ್ನು ಎಷ್ಟು ಬೇಕಾದರೂ ಹರಡಿ.

ಹೆಡ್‌ಫೋನಿನಲ್ಲಿ ಒಂದು ಕಿವಿ ಭಾರ

ಸ್ಪೀಕರಿನಲ್ಲಿ ಸರಿ, ಹೆಡ್‌ಫೋನ್ ಹಾಕಿದರೆ ಒಂದು ಕಿವಿಗೆ ಹತ್ತಿ ತುರುಕಿದ ಹಾಗೆ. ಬೇಸನ್ನು ಪೂರ್ತಿ ಒಂದು ಬದಿಗೆ ಹಾಕಿದ್ದರೆ ಹೀಗಾಗುತ್ತದೆ.

50 ಹರ್ಟ್ಸ್‌ನ ಒಂದು ಅಲೆ ಸುಮಾರು 6.9 ಮೀಟರ್ ಉದ್ದ. ತಲೆ ಆ ಅಲೆಗೆ ಅಡ್ಡಿಯೇ ಅಲ್ಲ. ಒಂದು ಕಿವಿಯಿಂದ ಇನ್ನೊಂದಕ್ಕೆ ದನಿ ತಲುಪಲು ಆಗುವ ವ್ಯತ್ಯಾಸ ಹೆಚ್ಚೆಂದರೆ 0.7 ಮಿಲಿಸೆಕೆಂಡಿನ ಆಸುಪಾಸು, ಅಲೆಯ ಒಂದು ಸುತ್ತಿಗೆ ಬೇಕಾದದ್ದು 20 ಮಿಲಿಸೆಕೆಂಡ್. ಮೇಲಾಗಿ ಕೋಣೆಯ ಗೋಡೆಗಳು ಅದನ್ನು ಎಲ್ಲ ಕಡೆಯಿಂದ ಹಿಂದಿರುಗಿಸುತ್ತವೆ. ಹಾಗಾಗಿ ಕೋಣೆಯಲ್ಲಿ 80–100 ಹರ್ಟ್ಸ್‌ಗಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬಂತೆಂದು ಹೇಳುವುದು ಕಷ್ಟ. ಬೇಸ್ ಗಿಟಾರ್ ‘ಅಲ್ಲಿದೆ’ ಎಂದು ನಮಗೆ ಅನಿಸುವುದು ಬೆರಳು ತಂತಿಗೆ ತಾಗುವ ಸದ್ದಿನಿಂದ, ತಂತಿ ಫ್ರೆಟ್ಟಿಗೆ ಬಡಿಯುವ ಕಿರುಗುಟ್ಟುವಿಕೆಯಿಂದ. ಅವೆಲ್ಲ 700 ಹರ್ಟ್ಸ್‌ನಿಂದ ಮೇಲಕ್ಕೆ, 2–3 ಕಿಲೋಹರ್ಟ್ಸ್‌ವರೆಗೆ. ಹೆಡ್‌ಫೋನಿನಲ್ಲಿ ಕೋಣೆಯೂ ಇಲ್ಲ, ಎಡದ ದನಿ ಬಲಗಿವಿಗೆ ಸೋರುವುದೂ ಇಲ್ಲ. ಕೆಳಗಿನ ದನಿ ಪೂರ್ತಿ ಒಂದೇ ಕಿವಿಯ ಮೇಲೆ ಕೂರುತ್ತದೆ. ಹತ್ತು ನಿಮಿಷಕ್ಕೆ ದಣಿವಾಗುತ್ತದೆ.

ಪರಿಹಾರ ಇದರಲ್ಲೇ ಇದೆ. ಕೆಳಭಾಗ ನಡುವೆ ಇರಲಿ, ದಿಕ್ಕು ಹೇಳುವ ಮೇಲ್ಭಾಗವನ್ನು ಬೇಕಾದ ಕಡೆ ಸರಿಸಿ. ಟ್ರ್ಯಾಕನ್ನು ಎರಡು ಮಾಡಿ, ಒಂದಕ್ಕೆ 150ರ ಲೋಪಾಸ್, ಇನ್ನೊಂದಕ್ಕೆ ಹೈಪಾಸ್; ಎರಡನೆಯದನ್ನು ಮಾತ್ರ ಪ್ಯಾನ್ ಮಾಡಿ. ಕೇಳುವವರಿಗೆ ಇಡೀ ಬೇಸ್ ಆ ಬದಿಯಲ್ಲಿದೆ ಎಂದೇ ಅನಿಸುತ್ತದೆ. ಇನ್ನೊಂದು ಲಾಭವೂ ಇದೆ: ಬೇಸ್ ನಡುವೆ ಇದ್ದರೆ ಎರಡು ಸ್ಪೀಕರ್ ಸೇರಿ ಹೊರುತ್ತವೆ, ಒಂದು ಬದಿಗೆ ಹಾಕಿದರೆ ಒಂದೇ ಸ್ಪೀಕರ್ ಅಷ್ಟೂ ಭಾರ ಹೊರಬೇಕು, ಬೇಗ ಸೋಲುತ್ತದೆ.

“1960ರ ದಶಕದ ಹಳೆಯ ಸ್ಟೀರಿಯೊ ರೆಕಾರ್ಡುಗಳಲ್ಲಿ ಡ್ರಮ್ಸ್, ಬೇಸ್ ಎಲ್ಲ ಒಂದೇ ಬದಿಯಲ್ಲಿದೆಯಲ್ಲ, ಎಷ್ಟು ಚೆನ್ನಾಗಿದೆ!” ಎನ್ನುವವರಿದ್ದಾರೆ. ಚೆನ್ನಾಗಿಯೇ ಇದೆ, ನನಗೂ ಇಷ್ಟ. ಆದರೆ ಅಂದಿನವರ ಕೈಯಲ್ಲಿದ್ದದ್ದು ಎರಡು, ಮೂರು, ನಾಲ್ಕು ಟ್ರ್ಯಾಕಿನ ಟೇಪ್. ಎಷ್ಟೋ ಮಿಕ್ಸರುಗಳಲ್ಲಿ ಎಡ, ನಡು, ಬಲ ಎಂಬ ಸ್ವಿಚ್ಚಷ್ಟೇ ಇತ್ತು. ಕೇಳುವವರೂ ಹೆಚ್ಚಾಗಿ ಕೋಣೆಯ ಸ್ಪೀಕರುಗಳಲ್ಲಿ ಕೇಳುತ್ತಿದ್ದರು. 1958ರಿಂದ ಮಾರುಕಟ್ಟೆಗೆ ಬಂದ ಸ್ಟೀರಿಯೊ ಎಲ್‌ಪಿಗಳಲ್ಲಿ ಎರಡೂ ಬದಿಗೆ ಸಮನಾದ ದನಿ ಗೆರೆಯನ್ನು ಅಡ್ಡಡ್ಡ ಅಲುಗಿಸುತ್ತದೆ, ಎರಡು ಬದಿಯ ವ್ಯತ್ಯಾಸ ಗೆರೆಯ ಆಳವನ್ನು ಏರಿಳಿಸುತ್ತದೆ. ಫೇಸ್ ತಪ್ಪಿದ ದಪ್ಪ ಬೇಸ್ ಬಂದರೆ ಮುಳ್ಳು ಗೆರೆಯಿಂದಲೇ ಜಿಗಿಯಬಹುದು. ಅದಕ್ಕೇ ಲ್ಯಾಕರ್ (ರೆಕಾರ್ಡಿನ ಮೂಲ ತಟ್ಟೆ) ಕತ್ತರಿಸುವ ಎಂಜಿನಿಯರುಗಳು ಕೆಳಗಿನ ಆವರ್ತನಗಳನ್ನು ನಡುವಿಗೆ ತರುವ ಫಿಲ್ಟರ್ ಇಟ್ಟುಕೊಳ್ಳುತ್ತಿದ್ದರು. ಈಗಲೂ ವಿನೈಲ್‌ಗೆ ಹೋಗುವ ಮಿಕ್ಸ್ ಆದರೆ ಈ ಪರೀಕ್ಷೆ ಬಿಡುವಂತಿಲ್ಲ.

ಬೇಸ್ ಬಂದಾಗಲೆಲ್ಲ ಹಾಡೇ ಒಂದು ಕಡೆಗೆ ವಾಲುತ್ತದೆ

ಇದು ಜೋರಾದ ದನಿಯನ್ನು ತಾನಾಗಿ ತಗ್ಗಿಸುವ ಮಾಸ್ಟರಿನ ಕಂಪ್ರೆಸರ್ ಅಥವಾ ಲಿಮಿಟರ್ ಮಾಡುವ ಕೆಲಸ. ಬೇಸ್ ಎಡಕ್ಕೆ ಹೆಚ್ಚಿದ್ದು, ಎರಡು ಬದಿಯನ್ನು ಜೋಡಿಸುವ ಲಿಂಕ್ ಗುಂಡಿ ಆರಿದ್ದರೆ, ಎಡ ಬದಿ ಮಾತ್ರ ತಗ್ಗಿ ಹಾಡುವವರು ಬಲಕ್ಕೆ ಜರುಗಿದಂತಾಗುತ್ತದೆ. ಲಿಂಕ್ ಹಾಕಿ. ಹಾಕಿದ ಮೇಲೆ ಬೇಸಿನ ಪ್ರತಿ ಸ್ವರಕ್ಕೂ ಇಡೀ ಹಾಡು ಕುಗ್ಗಿದರೆ, ಕಂಪ್ರೆಸರಿನ ಸೈಡ್‌ಚೈನಿಗೆ (ಯಾವಾಗ ತಗ್ಗಿಸಬೇಕೆಂದು ಅದು ಕೇಳಿಸಿಕೊಳ್ಳುವ ದಾರಿಗೆ) 100 ಹರ್ಟ್ಸ್‌ನ ಹೈಪಾಸ್ ಕೊಡಿ.

ನಡುವೆ ಜಾಗ ಸಾಲುತ್ತಿಲ್ಲ

ಸಿನಿಮಾ ಹಾಡು, ಪಾಪ್, ಹಿಪ್‌ಹಾಪ್, ಟೆಕ್ನೊ, ಮೆಟಲ್, ರೆಗೆ: ಇವುಗಳಲ್ಲೆಲ್ಲ ಬೇಸ್ ಕಂಬ. ಕಂಬ ನಡುವೆಯೇ ನಿಲ್ಲಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಿಕ್ ಕೂಡ ಅಲ್ಲೇ, ಹಾಡುವವರೂ ಅಲ್ಲೇ. ಮಸುಕಾಯಿತು ಎಂದು ಬೇಸನ್ನು ಪಕ್ಕಕ್ಕೆ ಸರಿಸಿದರೆ ಮಸುಕು ಹೋಗುವುದಿಲ್ಲ, ಮೋನೊದಲ್ಲಿ ಮತ್ತೆ ಅಲ್ಲೇ ಬಂದು ಕೂರುತ್ತದೆ.

ಕೆಳಗೆ ಯಾರು, ಮೇಲೆ ಯಾರು ಎಂದು ಮೊದಲು ತೀರ್ಮಾನಿಸಿ. ನಾಲ್ಕು ತಂತಿಯ ಬೇಸಿನ ಕೆಳಗಿನ ಇ 41 ಹರ್ಟ್ಸ್, ಐದು ತಂತಿಯದರ ಬಿ 31. ಕಿಕ್ಕಿನ ಮೈ 50ರಿಂದ 80ರ ನಡುವೆ ಎಲ್ಲೋ ಇರುತ್ತದೆ. ಬೇಸ್ ಇ ಮೇಲೆ ಉದ್ದಕ್ಕೂ ನಿಲ್ಲುವ ಹಾಡಾದರೆ ಕಿಕ್ಕಿಗೆ 60ರ ಮೇಲೆ ಜಾಗ ಮಾಡಿ, ಅದರ ಕೆಳಗೆ ಕತ್ತರಿಸಿ. ಹಿಪ್‌ಹಾಪಿನಲ್ಲಿ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದ ಕಿಕ್ಕೇ ಉದ್ದಕ್ಕೆ ಎಳೆದು ಬೇಸ್ ಆಗಿರುತ್ತದೆ, ಆಗ ಇನ್ನೊಂದು ಬೇಸ್ ಬೇಕಿಲ್ಲ. ಇದ್ದರೆ ಅದನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ. ಕಿಕ್ ಬಿದ್ದಾಗ ಬೇಸ್ 2–3 ಡೆಸಿಬೆಲ್ ತಗ್ಗುವಂತೆ ಸೈಡ್‌ಚೈನ್ ಕೊಡುವುದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಕಿಕ್ಕಿನ ಪೊಲಾರಿಟಿ ಒಮ್ಮೆ ತಿರುಗಿಸಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಇಬ್ಬರೂ ರಾಜಿಯಾಗುತ್ತಾರೆ.

ಮೆಟಲ್‌ನಲ್ಲಿ ಎರಡು ಸಲ ನುಡಿಸಿದ ಗಿಟಾರುಗಳು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ಗೋಡೆ ಕಟ್ಟಿರುತ್ತವೆ, ನಡುವೆ ಬಾಗಿಲಿನಷ್ಟು ಜಾಗ. ಬೇಸ್ ಅಲ್ಲಿ ಕೇಳಿಸದಿದ್ದರೆ ಫೇಡರ್ (ದನಿಯ ಮಟ್ಟದ ಗುಂಡಿ) ಏರಿಸಬೇಡಿ. ಡಿಐ ಟ್ರ್ಯಾಕನ್ನು ಎರಡು ಮಾಡಿ: ಒಂದು 200 ಹರ್ಟ್ಸ್‌ನ ಕೆಳಗೆ, ಗಟ್ಟಿಯಾಗಿ ಕಂಪ್ರೆಸ್ ಮಾಡಿದ್ದು, ಇನ್ನೊಂದು ಅದರ ಮೇಲೆ, ಡಿಸ್ಟಾರ್ಶನ್ ಹಾಕಿ ಒರಟಾಗಿಸಿದ್ದು. ಎರಡೂ ನಡುವೆ. ಗಿಟಾರಿನ ಇಕ್ಯೂನಲ್ಲಿ 100ರ ಕೆಳಗೆ ತೆಗೆದುಬಿಡಿ.

ಟೆಕ್ನೊದಲ್ಲಿ ದೋಷ ಅಡಗುವುದು ಕಿಕ್ಕಿನ ಹಿಂದೆ ಎಳೆಯುವ ಗುಡುಗಿನಂಥ ರಿವರ್ಬಿನಲ್ಲಿ. ಎಷ್ಟೋ ಕ್ಲಬ್ಬುಗಳಲ್ಲಿ ಸಬ್‌ವೂಫರ್‌ಗೆ ಹೋಗುವುದು ಮೋನೊ, ಸ್ಟೀರಿಯೊ ರಿವರ್ಬಿನ ಕೆಳಭಾಗ ಅಲ್ಲಿ ಕೂಡಿ ಕಿಕ್ಕನ್ನೇ ನುಂಗುತ್ತದೆ. ಎರಡನ್ನೂ ಮೋನೊದಲ್ಲಿ ಕೇಳುತ್ತಾ ರಿವರ್ಬಿಗೆ 120ರ ಹೈಪಾಸ್ ಹಾಕಿ. ಡಬ್, ರೆಗೆಗಳಲ್ಲಿ ಬೇಸ್ ಹಾಡಿನ ನಾಯಕ. ಅಲ್ಲಿ ಸರಿಪಡಿಸಬೇಕಾದದ್ದು ಸಾಮಾನ್ಯವಾಗಿ ಸುತ್ತಲಿನವರನ್ನು. ಗಿಟಾರ್, ಆರ್ಗನ್, ಸ್ನೇರ್‌ಗಳಿಗೆ ಹೋಗುವ ಎಕೋ, ರಿವರ್ಬ್ ಎಲ್ಲಕ್ಕೂ ಹೈಪಾಸ್ ಹಾಕಿದರೆ ಬೇಸ್ ತಾನೇ ಮುಂದೆ ಬರುತ್ತದೆ.

ನಡುವಿನ ನಿಯಮ ತಪ್ಪಾಗುವ ಜಾಗಗಳು

‘120 ಹರ್ಟ್ಸ್‌ನ ಕೆಳಗೆ ಎಲ್ಲ ಮೋನೊ’ ಎಂಬ ಸೂತ್ರವನ್ನು ಮಂತ್ರದ ಹಾಗೆ ಹೇಳುವವರು ಹೆಚ್ಚಾಗಿದ್ದಾರೆ. ಜಾಝ್, ಪಾಶ್ಚಾತ್ಯ ವಾದ್ಯವೃಂದ, ನಮ್ಮ ಕಛೇರಿ ಇವುಗಳಿಗೆ ಅದನ್ನು ಹಚ್ಚಿದರೆ ದೋಷ ಹೋಗುವ ಬದಲು ಹುಟ್ಟುತ್ತದೆ.

ಜಾಝ್ ಟ್ರಯೊ ತೆಗೆದುಕೊಳ್ಳಿ. ಪಿಯಾನೊ, ಡ್ರಮ್ಸ್, ಡಬಲ್ ಬೇಸ್ ಮೂವರೂ ಒಂದೇ ಕೋಣೆಯಲ್ಲಿ ನುಡಿಸಿದ್ದಾರೆ. ಇಲ್ಲಿ ಬೇಸ್ ಮಾತಿಗೆ ಕೂತ ಜೊತೆಗಾರ, ಸ್ವಲ್ಪ ಪಕ್ಕದಲ್ಲಿದ್ದರೆ ಚೆಂದ. ದೂರು ಹೀಗಿರುತ್ತದೆ: “ಬಲಕ್ಕೆ ಪ್ಯಾನ್ ಮಾಡಿದ್ದೇನೆ, ಆದರೂ ಬೇಸ್ ಎರಡು ಕಡೆ ಇದ್ದ ಹಾಗೆ, ಮಂಜು ಮಂಜು.” ಬೇಸಿನ ಮೈಕನ್ನು ಮ್ಯೂಟ್ ಮಾಡಿ ಕೇಳಿ. ಡ್ರಮ್ಸ್ ಮೇಲಿನ ಮೈಕುಗಳಲ್ಲಿ, ಪಿಯಾನೊದ ಮೈಕುಗಳಲ್ಲಿ ಬೇಸ್ ಸೋರಿ ಬಂದಿರುತ್ತದೆ, ಆ ಸೋರಿಕೆ ಎಡದಿಂದ ಬರುತ್ತಿದೆ. ಕೋಣೆಯಲ್ಲಿ ಬೇಸ್‌ನವರು ನಿಂತಿದ್ದದ್ದು ಎಡಕ್ಕೆ. ಸೋರಿಕೆ ಸುಳ್ಳು ಹೇಳುವುದಿಲ್ಲ, ಅದು ಹೇಳಿದ ಕಡೆಗೇ ಬೇಸಿನ ಮೈಕನ್ನೂ ಪ್ಯಾನ್ ಮಾಡಿ. ಮಂಜು ಹರಿದು ಮನುಷ್ಯ ಕಾಣುತ್ತಾನೆ. ಬಲಕ್ಕೇ ಬೇಕೆಂದಿದ್ದರೆ ಇಡೀ ಮಿಕ್ಸ್‌ನ ಎಡ ಬಲ ತಿರುಗಿಸಿ.

ವಾದ್ಯವೃಂದದಲ್ಲಿ ಡಬಲ್ ಬೇಸ್‌ಗಳು ಹೆಚ್ಚಾಗಿ ಕೇಳುಗರ ಬಲಕ್ಕೆ ಕೂರುತ್ತವೆ. ವಿಯೆನ್ನಾ ಫಿಲ್‌ಹಾರ್ಮೋನಿಕ್ ಅವರನ್ನು ಹಿಂದಿನ ಗೋಡೆಯುದ್ದಕ್ಕೆ ನಿಲ್ಲಿಸುತ್ತದೆ. ಮುಖ್ಯ ಮೈಕುಗಳು ಅವರನ್ನು ಎಲ್ಲಿ ಕಂಡಿವೆಯೋ ಅಲ್ಲೇ ಹತ್ತಿರದ ಮೈಕನ್ನೂ ಇಡಬೇಕು, ಮತ್ತು ಅದರ ದನಿ ಮುಖ್ಯ ಮೈಕಿನ ದನಿಗೆ ಸರಿಹೊಂದುವಂತೆ ತಡ ಮಾಡಬೇಕು. ಮುಖ್ಯ ಮೈಕ್ ಬೇಸ್‌ಗಳಿಂದ 7 ಮೀಟರ್ ದೂರದಲ್ಲಿದ್ದರೆ ಸುಮಾರು 20 ಮಿಲಿಸೆಕೆಂಡ್. 1954ರ ಸುಮಾರಿಗೆ ಲಂಡನ್ನಿನ ಡೆಕ್ಕಾ ರೆಕಾರ್ಡ್ ಕಂಪನಿಯವರು ರೂಪಿಸಿದ ಮೂರು ಓಮ್ನಿ (ಎಲ್ಲ ದಿಕ್ಕಿನ ದನಿಯನ್ನೂ ಹಿಡಿಯುವ) ಮೈಕುಗಳ ಜೋಡಣೆಯಲ್ಲಿ ಮೈಕುಗಳ ನಡುವೆ ಅಂತರವಿರುವುದರಿಂದ ಸಭಾಂಗಣದ ಕೆಳಗಿನ ಅನುರಣನ ಎಡ ಬಲದಲ್ಲಿ ಸ್ವಲ್ಪ ಬೇರೆಬೇರೆಯಾಗಿ ಬರುತ್ತದೆ. ಸಭಾಂಗಣ ನಮ್ಮನ್ನು ಸುತ್ತುವರಿದ ಅನುಭವ ಬರುವುದೇ ಅದರಿಂದ. ಮೋನೊ ಮಾಡಿದರೆ ಆ ಜಾಗವೇ ಕುಸಿಯುತ್ತದೆ. ಕೋರಿಲೇಶನ್ ಮೀಟರ್ ಇಲ್ಲಿ +0.3 ತೋರಿಸಿದರೆ ಗಾಬರಿ ಬೇಡ.

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಮೃದಂಗದವರು ಹಾಡುವವರ ಬಲಕ್ಕೆ, ಪಿಟೀಲಿನವರು ಎಡಕ್ಕೆ ಕೂರುವುದು ರೂಢಿ. ಸಭೆಯಲ್ಲಿ ಕೂತವರಿಗೆ ಮೃದಂಗ ಎಡಗಡೆ. ಹಾಗೆಂದು ಪೂರ್ತಿ ಎಡಕ್ಕೆ ತಳ್ಳಿದರೆ ಹೆಡ್‌ಫೋನಿನವರಿಗೆ ಮೇಲೆ ಹೇಳಿದ ಭಾರ ಶುರು. ನಾನು ಬಲಮುಖದ ಮೈಕನ್ನು ಎಡಕ್ಕೆ ಮೂರನೇ ಒಂದರಷ್ಟು, ತೊಪ್ಪಿಯ (ಎಡಮುಖದ) ಮೈಕನ್ನು ಅದರ ಅರ್ಧದಷ್ಟು ಸರಿಸಿ ಇಡುತ್ತೇನೆ. ಬಲಮುಖದ ಚಾಪು, ನಾದಗಳು ಎಡದಿಂದ ಬರುತ್ತವೆ, ತೊಪ್ಪಿಯ ದಪ್ಪ ಗುಂಕಿಗಳು ನಡುವಿನ ಹತ್ತಿರ ಉಸಿರಾಡುತ್ತವೆ. ತೊಪ್ಪಿಯ ಬೇಸ್ ಕಛೇರಿಯ ಮುಕ್ಕಾಲು ಭಾಗದ ಹೊತ್ತಿಗೆ ಸೊರಗಿದೆ ಎನಿಸಿದರೆ ಇಕ್ಯೂ ಹಾಕುವ ಮೊದಲು ರೆಕಾರ್ಡಿಂಗನ್ನೇ ಕೇಳಿ ನೋಡಿ: ತೊಪ್ಪಿಗೆ ಮೆತ್ತಿದ ರವೆ ಒಣಗುತ್ತಾ ಬಂದರೆ ಸ್ವರವೇ ಏರುತ್ತದೆ. ಅದು ವಾದ್ಯದ ಆ ದಿನದ ಬದುಕು. ತನಿಯಾವರ್ತನಕ್ಕೆ (ತಾಳವಾದ್ಯದವರ ಒಂಟಿ ನುಡಿಸಾಣಿಕೆಗೆ) ಮುಂಚೆ ಮೃದಂಗದವರು ಒದ್ದೆ ಮಾಡಿಕೊಂಡಿದ್ದರೆ ಅಲ್ಲಿ ತುಂಬಿ ಬರುತ್ತದೆ, ನಾನು ಹಾಗೇ ಬಿಡುತ್ತೇನೆ. ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಎಡ ಬಲಕ್ಕೆ ಹರಡಲು ಅಡ್ಡಿಯಿಲ್ಲ. ಅದರ ಜೀವ ಇರುವುದು ಮೇಲಿನ ಸ್ವರಗಳಲ್ಲಿ.

ಫೋನಿನಲ್ಲಿ ಬೇಸ್ ಇಲ್ಲ

ಮೋನೊದಲ್ಲಿ ಉಳಿದು, ಕಾರಿನಲ್ಲಿ ಚೆನ್ನಾಗಿದ್ದು, ಫೋನಿನ ಸ್ಪೀಕರಿನಲ್ಲಿ ಮಾತ್ರ ಇಲ್ಲದಿದ್ದರೆ ಅದು ಜಾಗದ ದೋಷವಲ್ಲ. ಬೆರಳುಗುರಿನಷ್ಟಿರುವ ಸ್ಪೀಕರ್ 41 ಹರ್ಟ್ಸ್ ಹೊರಡಿಸಲಾರದು, 200 ಹೊರಡಿಸಲೂ ಏದುಸಿರು ಬಿಡುತ್ತದೆ. ಆದರೆ ನಮ್ಮ ಮಿದುಳಿಗೆ 206, 247, 288 ಹೀಗೆ 41ರ (ನಿಖರವಾಗಿ 41.2ರ) ಗುಣಕಗಳು ಕೇಳಿಸಿದರೆ ಸಾಕು, ಕೆಳಗಿನ ಇ ಇದೆ ಎಂದೇ ಅದು ಭಾವಿಸುತ್ತದೆ. ಬೇಸಿನ ಮೇಲಿನ ಪದರಕ್ಕೆ, ಇಂಥ ಗುಣಕಗಳನ್ನು ಹುಟ್ಟಿಸುವ ಸ್ಯಾಚುರೇಶನ್ ಸ್ವಲ್ಪ ಕೊಡಿ. ಫೋನಿಗಾಗಿ 50 ಹರ್ಟ್ಸ್ ಏರಿಸಿದರೆ ಫೋನಿಗೆ ಏನೂ ಸಿಗುವುದಿಲ್ಲ, ಮಂಟಪದ ಸಬ್‌ವೂಫರ್ ಮಾತ್ರ ಗುಡುಗುತ್ತದೆ.

ಆ ಭಾವಗೀತೆಯನ್ನು ಮಾರನೆಯ ದಿನವೇ ತೆರೆದೆ. ತಡ ಮಾಡಿದ್ದ ಎರಡನೇ ಟ್ರ್ಯಾಕ್ ಅಳಿಸಿ, ಬೇಸನ್ನು ನಡುವೆ ತಂದೆ. 150ರ ಮೇಲಿನ ಭಾಗದ ಒಂದು ಪ್ರತಿಗೆ ಸ್ಯಾಚುರೇಶನ್ ಹಾಕಿ ಬಲಕ್ಕೆ ಸ್ವಲ್ಪ ಸರಿಸಿದೆ, ಎಡದಲ್ಲಿ ಕೊಳಲು ಇತ್ತು. ಹಾಡುವವರಿಗೆ ಜಾಗ ಮಾಡಲು ಬೇಸಿನಲ್ಲಿ 250 ಹರ್ಟ್ಸ್ ಸುತ್ತ 2 ಡೆಸಿಬೆಲ್ ಇಳಿಸಿದೆ, ಮೊದಲಿಗೇ ಮಾಡಬೇಕಾಗಿದ್ದು ಅದು. ಮೋನೊ ಒತ್ತಿದೆ, ಪಲ್ಲವಿಯ ಕೊನೆಯ ಜಿ ಬಂದು ನಿಂತಿತು. ಹೊಸ ಫೈಲ್ ಹುಡುಗನಿಗೆ ಕಳಿಸಿದೆ. ಮುಂದಿನ ವಾರದ ಇನ್ನೊಂದು ಮದುವೆಯಲ್ಲಿ ಅವನು ಅದನ್ನು ಹಾಕಿ, ಮಂಟಪದ ಹಿಂದಿನ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ. ಮಕ್ಕಳ ಗಲಾಟೆ, ಊಟದ ಮನೆಯ ಪಾತ್ರೆ ಸದ್ದು, ಅದರ ಕೆಳಗೆ ಬೇಸ್ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತಿತ್ತು.